ಅರ್ಲೀನ್ ಒತ್ತಿದ ಗುಂಡಿ

ತಿರುವಿನಲ್ಲಿ ರೈಲು ಕಿರುಚುತ್ತದೆ. ಪೂರ್ವ ಓಕ್ಲ್ಯಾಂಡಿನಲ್ಲಿ ಅರ್ಲೀನ್ ಫಾಂಟೆನೊ ಇರುವ ಮನೆ ಮೇಲ್ಸೇತುವೆಗೆ ಅಂಟಿಕೊಂಡಂತಿದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಆ ಸದ್ದಿಗೆ ಅವಳ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ.

ಹತ್ತೊಂಬತ್ತು ವರ್ಷದಿಂದ ಅವಳು ಮೂಲೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಈಗೀಗ ಕಳವಿನ ಹೆದರಿಕೆಗೆ ಅಲ್ಲಿ ಟೂತ್‌ಪೇಸ್ಟಿಗೂ ಬೀಗ. ಗಿರಾಕಿ ಗಂಟೆ ಒತ್ತಬೇಕು, ಅರ್ಲೀನ್ ಬಂದು ಗಾಜಿನ ಬಾಗಿಲು ತೆಗೆಯಬೇಕು. “ತಿಜೋರಿ ತೆಗಿಯಮ್ಮ, ಹಲ್ಲುಜ್ಜಬೇಕು” ಎಂದು ಮುದುಕರು ಛೇಡಿಸುತ್ತಾರೆ.

ಲಾರಿಯಿಂದ ಇಳಿಸುವಾಗ ಒಡೆದ ಡಬ್ಬಿ, ಹರಿದ ಪೊಟ್ಟಣಗಳನ್ನು ಯಂತ್ರದಲ್ಲಿ ‘ಹಾಳು’ ಎಂದು ದಾಖಲಿಸಬೇಕಾದರೆ ಒಂದೊಂದಕ್ಕೂ ಫೋಟೋ ತೆಗೆದು ಕಾರಣ ಬರೆಯಬೇಕು. ‘ಕಳವು’ ಎಂಬ ಗುಂಡಿಗೆ ಅದೇನೂ ಬೇಡ, ಒಮ್ಮೆ ಒತ್ತಿದರೆ ಮುಗಿಯಿತು. ಮ್ಯಾನೇಜರ್ ಕೀಗನ್ ಎಲ್ಲರ ಕೈಯಲ್ಲೂ ಅದನ್ನೇ ಒತ್ತಿಸುತ್ತಿದ್ದ. ಯಾರಿಗೂ ಅದು ತಪ್ಪೆನಿಸಿರಲಿಲ್ಲ. ಹೊತ್ತಿಗೆ ಸರಿಯಾಗಿ ಮನೆ ಸೇರಬಹುದಿತ್ತು. ಎಸೆಯಬೇಕಿದ್ದ ಆ ಪೊಟ್ಟಣಗಳನ್ನು ಅರ್ಲೀನ್ ಹಿಂಬಾಗಿಲಲ್ಲಿ ಒಡೆಲ್ ಪ್ರೂಯಿಟ್‌ಗೆ ಕೊಡುತ್ತಿದ್ದಳು. ಒಡೆಲ್ ಅವಳ ತೀರಿಹೋದ ಗಂಡನ ಗೆಳೆಯ. ಹರಿದ ರಟ್ಟಿಗೆ ಟೇಪು ಅಂಟಿಸಿ, ರೈಲು ನಿಲ್ದಾಣದ ಕೆಳಗೆ ಮಡಚುವ ಮೇಜು ಹಾಕಿ ಮಾರುತ್ತಿದ್ದ.

ಅವರೆಲ್ಲ ಒತ್ತಿದ್ದು ಎಲ್ಲಿಗೆ ಹೋಗಿ ಸೇರಿತೆಂದು ಟಿವಿಯಿಂದ ತಿಳಿಯಿತು. ಅವರ ಬೀದಿಯಲ್ಲಿ ಸಂಘಟಿತ ಕಳ್ಳರ ದೊಡ್ಡ ದಂಡಿದೆಯಂತೆ. ಅಂಗಡಿಗಳ ದಾಖಲೆಯೇ ಸಾಕ್ಷಿಯಂತೆ. ಕೇಂದ್ರದ ಪೊಲೀಸರು ಬರುತ್ತಾರಂತೆ. “ಆ ದಂಡು ನಂಗೂ ಸಿಕ್ಕಿದ್ರೆ ಚೆನ್ನಾಗಿತ್ತು, ಮೇಜು ಹೊರೋಕೆ ಜನಾನೇ ಇಲ್ಲ” ಎಂದು ಒಡೆಲ್ ನಕ್ಕ.

ಆ ಪೊಲೀಸರು ಮಂಗಳವಾರ ಮಧ್ಯಾಹ್ನ ಬಂದರು. ಊಟದ ಬಿಡುವಿನಲ್ಲಿ ಅರ್ಲೀನ್ ಒಡೆಲ್‌ನ ಪಕ್ಕ ನಿಂತು ಹುರಿದ ಮೀನು ತಿನ್ನುತ್ತಿದ್ದಳು. ನಂಬರಿಲ್ಲದ ಎರಡು ವ್ಯಾನಿನಿಂದ ಮುಸುಕು ಹಾಕಿದವರು ಇಳಿದು ಮೊದಲು ಮೇಜನ್ನು ಒದ್ದರು. ಪೊಟ್ಟಣ ಹೆಕ್ಕಲು ಬಗ್ಗಿದ ಒಡೆಲ್‌ನ ಕೈಯ ಮೇಲೆ ಒಬ್ಬ ಬೂಟು ಊರಿದ. ಬೆರಳು ಮುರಿದ ಸದ್ದು ಅರ್ಲೀನ್‌ಗೆ ಕೇಳಿಸಿತು. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಫೋನೆತ್ತಿದಳು. ಅವಳ ಕಣ್ಣಿಗೆ ಖಾರದ ನೀರು ಎರಚಿದರು.

“ಮಾಲು ಯಾರು ಕೊಟ್ರು?”

ಒಡೆಲ್ ಅರ್ಲೀನ್‌ಳನ್ನು ನೋಡಿದ. ಆಮೇಲೆ ನೆಲ ನೋಡಿದ. “ಸಿಕ್ತು” ಎಂದ.

ಲಾಠಿ ದವಡೆಗೆ ಬಿತ್ತು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಏಟಿಗೆ ಉತ್ತರ ಬರಲಿಲ್ಲ. ಒಡೆದ ಬಾಟಲಿಯ ನೀಲಿ ಸೋಪು ರಕ್ತದ ಜೊತೆ ಹರಡಿತು. ಅವನ ಉಸಿರು ತಾಗಿದಲ್ಲಿ ಗುಳ್ಳೆ ಎದ್ದವು. ಅರ್ಲೀನ್‌ಳ ಬಾಯಲ್ಲಿ ಮೀನಿನ ತುತ್ತು ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಕೀಗನ್ ಅವಳನ್ನು ಒಳಗೆ ಕರೆದು ಒಂದು ಹೇಳಿಕೆ ಮುಂದಿಟ್ಟ. ಮೇಜಿನ ಮೇಲೆ ಸಿಕ್ಕಿದ ಮಾಲೆಲ್ಲ ಕಳವಾದದ್ದು ಎಂದಿತ್ತು. ಪ್ರತಿ ಸಾಲಿನಲ್ಲೂ ಅವಳದೇ ಕೆಲಸದ ನಂಬರು. ಸಹಿ ಮಾಡಿದರೆ ಒಡೆಲ್‌ಗೆ ವರ್ಷಗಟ್ಟಲೆ ಜೈಲು. ಮಾಡದಿದ್ದರೆ ಏನೆಂದು ಕೀಗನ್ ಸಾವಕಾಶ ಹೇಳಿದ: ಕೆಲಸ ಹೋಗುತ್ತದೆ, ಕೈಕೋಳ ಬೀಳುತ್ತದೆ. “ದಂಡು ಅಂದ್ರೆ ಇಬ್ರಾದ್ರೂ ಇರ್ಬೇಕಲ್ಲ ಅರ್ಲೀನ್. ಎರಡನೇದವ್ರನ್ನ ಹುಡುಕ್ತಿದಾರೆ.”

“ಹುಡುಕೋದ್ಯಾಕೆ, ನಿಂತಿದೀನಲ್ಲ” ಎಂದಳು. ಅಂಗಡಿಯ ಕೆಂಪು ಮೇಲಂಗಿ ಬಿಚ್ಚಿ ಆ ಕಾಗದದ ಮೇಲಿಟ್ಟಳು.

ಕೀಗನ್ ಬಾಗಿಲಿಗೆ ಅಡ್ಡ ಬಂದ. ಅವನ ತೋಳು ತಳ್ಳಿ ಹೊರಟಳು. “ಒಡೆಲ್‌ನ ಆಸ್ಪತ್ರೆ ಮಂಚಕ್ಕೆ ಕೋಳ ಹಾಕಿ ಮಲಗ್ಸಿದಾರೆ, ಬಾಗಿಲಲ್ಲೊಬ್ಬ ಪೊಲೀಸ್ನೋನು ಕೂತಿದಾನಂತೆ. ಮೊದ್ಲು ಅವ್ನಿಗೇ ಹೇಳ್ತೀನಿ, ಕೊಟ್ಟಿದ್ದು ನಾನು, ಒತ್ತಿದ್ದೂ ನಾನು, ಒತ್ಸಿದ್ದು ಮಾತ್ರ ನೀನು ಅಂತ.”