ಅರ್ಧ ಪಾತ್ರೆ ಹುಗ್ಗಿ

ಅಕ್ಕಿ ತರಲೆಂದು ಮೊನ್ನೆ ಇಲ್ಲಿನ ಸ್ಯಾಂಡ್ರಿಂಗಮ್ ಬಡಾವಣೆಯ ಇಂಡಿಯನ್ ಅಂಗಡಿಗೆ ಹೋಗಿದ್ದೆ. ಅಲ್ಲಿ ಯಾರೋ ಬೆಲ್ಲದ ಅಚ್ಚು ಒಡೆಯುತ್ತಿದ್ದರು. ಆ ವಾಸನೆಗೆ ಅಕ್ಕ ನೆನಪಾದಳು. ಅಕ್ಕಿ ಚೀಲ ಅಲ್ಲೇ ಬಿಟ್ಟು ಹೊರಗೆ ಬಂದುಬಿಟ್ಟೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು... ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ದನ ಮೇಯಿಸಿಕೊಂಡಿದ್ದ ನನ್ನನ್ನು ಅಕ್ಕ ನ್ಯೂಜಿಲೆಂಡಿಗೆ ಕರೆಸಿಕೊಂಡಳು. ಪ್ರಾಣಿಗಳ ಉದ್ಯಾನವೊಂದರಲ್ಲಿ ಅವಳು ಓರಿಕ್ಸ್‌ಗಳಿಗೆ ಮೇವು ಹಾಕುತ್ತಿದ್ದಳು. ಮರಳುಗಾಡಿನ ಜಿಂಕೆ ಜಾತಿಯವು. ಬಿಳಿ ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು. ಬೇಟೆಗೆ ಸಿಕ್ಕಿ ಮರಳಿನಲ್ಲಿ ಒಂದೂ ಉಳಿದಿರಲಿಲ್ಲವಂತೆ. ಇಂಥ ಉದ್ಯಾನಗಳಲ್ಲಿ ಸಂತಾನ ಬೆಳೆಸಿ ಮತ್ತೆ ಅಲ್ಲಿಗೇ ಬಿಡಬೇಕೆಂದು ದೇಶದೇಶಗಳವರು ಒದ್ದಾಡುತ್ತಿದ್ದರು.

ಅವುಗಳಲ್ಲಿ ಒಂದು ತುಂಬು ಗಬ್ಬವಾಗಿತ್ತು. "ದಿಸ್ ಕೌ ಈಸ್ ಡ್ಯೂ, ಮೇಟ್," ಎಂದಿದ್ದ ಅಲ್ಲಿನ ಮೇಲ್ವಿಚಾರಕ. ಓರಿಕ್ಸಿನ ಹೆಣ್ಣಿಗೂ ಅವರು ಕೌ ಎನ್ನುತ್ತಾರೆಂದು ಆಗ ನನಗೆ ತಿಳಿದಿರಲಿಲ್ಲ. ನನಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಅದೊಂದು. ಬೇಲಿಯ ಬಳಿ ಕೈಮುಗಿದೆ.

ಅಕ್ಕ ನಕ್ಕಳು. "ಏಯ್, ನಮ್ಮಟ್ಟಿ ಹಸು ಅಂದ್ಕೊಂಡ್ಯೇನೋ? ಕೊಂಬಿಗೆ ಬಣ್ಣ ಬಳಿದ್ಬಿಟ್ಟೀಯ, ಹುಷಾರು!"

ಈ ದೇಶದಲ್ಲಿ ಜನವರಿಯೆಂದರೆ ಬೇಸಿಗೆ; ಸುಡುಬಿಸಿಲಿನ ಸಂಕ್ರಾಂತಿ ಬಂತು. ಜೊತೆಗೆಲಸದವರಿಗೆ ಹಂಚಲು ಅಕ್ಕ ದೊಡ್ಡ ಪಾತ್ರೆ ತುಂಬ ಸಿಹಿ ಹುಗ್ಗಿ ಮಾಡಿದ್ದಳು. ಹೊರಲು ನಾನೂ ಹೋಗಿದ್ದೆ. ಅರ್ಧ ಪಾತ್ರೆ ಉಳಿಯಿತು. ಊರಲ್ಲಿ ಆ ದಿನ ದನಕ್ಕೆ ಹುಗ್ಗಿ ತಿನ್ನಿಸದೆ ನಾವು ಉಂಡವರಲ್ಲ. ಅದರಲ್ಲೂ ಗಬ್ಬದ ಹಸು... ಅಕ್ಕ ಅತ್ತ ಹೋದಾಗ ಅಷ್ಟನ್ನೂ ಆ ಗಬ್ಬದ ಓರಿಕ್ಸಿನ ತೊಟ್ಟಿಗೆ ಸುರಿದೆ. ಅದು ಒಂದಗುಳೂ ಬಿಡದೆ ನೆಕ್ಕಿತು. ನನಗೆ ಪುಣ್ಯ ಕಟ್ಟಿಕೊಂಡ ಖುಷಿ.

ಮರುದಿನ ಅದರ ಹೊಟ್ಟೆ ಉಬ್ಬಿತು. ಮೂರನೆಯ ದಿನ ಸತ್ತುಹೋಯಿತು. ಕರು ಒಳಗೇ... ಒಣಹುಲ್ಲು ತಿನ್ನುವ ಜೀವಕ್ಕೆ ಅನ್ನ, ಬೆಲ್ಲ ವಿಷವಾಯಿತೆಂದರಂತೆ ಡಾಕ್ಟರು.

"ನೀನೇನಾದ್ರೂ ಹಾಕಿದ್ಯೇನೋ?" ಅಕ್ಕ ಕೇಳಿದಳು.

"ಇಲ್ಲಕ್ಕ. ಮಿಕ್ಕಿದ್ದು ಅಲ್ಲೇ ಕಸದ ಡಬ್ಬಕ್ಕೆ ಹಾಕ್ದೆ."

ಅವಳು ನನ್ನ ಮುಖವನ್ನೇ ನೋಡಿದಳು. ಆ ಕಸದ ಡಬ್ಬವನ್ನು ದಿನಾ ಸಂಜೆ ಖಾಲಿ ಮಾಡುತ್ತಿದ್ದವಳು ಅವಳೇ.

ಮಾರನೆಯ ದಿನ ಹೋಗಿ, ಹುಗ್ಗಿ ಹಾಕಿದ್ದು ತಾನೇ ಎಂದು ಒಪ್ಪಿಕೊಂಡಳು. ಅವಳನ್ನು ಪ್ರಾಣಿಗಳ ಬಳಿಯಿಂದ ತೆಗೆದು ಟಿಕೆಟ್ ಕಿಟಕಿಯಲ್ಲಿ ಕೂರಿಸಿದರು. ಅವಳ ಮನೆಯಲ್ಲೇ ಉಂಡುಕೊಂಡು ನಾನು ಸುಮ್ಮನಿದ್ದೆ. ಆಮೇಲೆ ಯಾವ ಸಂಕ್ರಾಂತಿಗೂ ಅವಳು ಹುಗ್ಗಿ ಮಾಡಲಿಲ್ಲ. ಯಾಕೆಂದು ನಾನು ಕೇಳಲೂ ಇಲ್ಲ.

ಅಕ್ಕ ತೀರಿಹೋಗಿ ನಾಲ್ಕು ವರ್ಷ. ಮೊನ್ನೆ ಬರಿಗೈಲಿ ಮನೆಗೆ ಬಂದಾಗ ಅವಳ ಮಗಳು ಫೋನು ನೋಡುತ್ತಾ ಕೂತಿದ್ದಳು. ಓರಿಕ್ಸ್‌ಗಳನ್ನು ಈಗ ಮರಳುಗಾಡಿಗೆ ಬಿಟ್ಟಿದ್ದಾರಂತೆ. ತಾಯಿಯ ಹಿಂದೆ ಪುಟ್ಟ ಕರುವೊಂದು ಓಡುತ್ತಿರುವುದನ್ನು ತೋರಿಸಿದಳು.

"ಮಾಮ, ಅಮ್ಮ ಕಿಲ್ಡ್ ಒನ್ ಬೈ ಮಿಸ್ಟೇಕ್, ರೈಟ್?"

ಹೌದೆಂದು ತಲೆಯಾಡಿಸಿದೆ.