ಐನೂರ ಇಪ್ಪತ್ತನೆಯ ಮನೆ

ಇಂಗ್ಲೆಂಡಿನ ಪೂರ್ವ ಸೀಮೆಯ ಬ್ರಾಕ್‌ಮಿಯರ್ ಊರಿನಲ್ಲಿ ಕ್ಲಿಫರ್ಡ್ ಆಲ್ಡಸ್ ಯಾರೆಂದು ತಿಳಿಯದವರಿಗೂ ‘ಮನೆ ಎಣಿಸುವವನು’ ಎಂದರೆ ತಿಳಿಯುತ್ತಿತ್ತು. ಊರಾಡಳಿತ ನಡೆಸುವ ಕೌನ್ಸಿಲ್ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಅವನದು ಅದೇ ಕೆಲಸ. ಏಪ್ರಿಲ್ ಬಂತೆಂದರೆ ಮಳೆಯಂಗಿ ತೊಟ್ಟು, ಹಸಿರು ಪೆನ್ನು ಹಿಡಿದು ಬೀದಿ ಬೀದಿ ಸುತ್ತಬೇಕು. ಮಾರ್ಚ್ ಮೂವತ್ತೊಂದರೊಳಗೆ ಎಷ್ಟು ಹೊಸ ಮನೆ ಮುಗಿದಿವೆ ಎಂದು ಗುರುತು ಹಾಕಬೇಕು. ಇಡೀ ಸೀಮೆಗೆ ಇಷ್ಟು ಮನೆ ಬೇಕು ಎಂದು ಸರ್ಕಾರದ ಮೇಲಿನವರು ಗುರಿ ಗೊತ್ತು ಮಾಡಿ ಊರೂರಿಗೆ ಹಂಚುತ್ತಿದ್ದರು. ಬ್ರಾಕ್‌ಮಿಯರ್ ಪಾಲಿಗೆ ಬಂದದ್ದು ವರ್ಷಕ್ಕೆ ಐನೂರ ಇಪ್ಪತ್ತು. ಆ ಅಂಕಿ ಯಾರ ತಲೆಯಲ್ಲಿ ಹುಟ್ಟಿತೋ ದೇವರೇ ಬಲ್ಲ. ಮನೆ ಇಲ್ಲದವರನ್ನು ಕೇಳಿ ಬರೆದದ್ದಂತೂ ಅಲ್ಲ.

ಮನೆ ಎಂದರೆ ಯಾವುದು? ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದಕ್ಕೊಂದು ನಿಯಮ ಬರೆದುಕೊಟ್ಟವನೂ ಕ್ಲಿಫರ್ಡನೇ. ತನ್ನದೇ ಬಾಗಿಲು, ನೀರು, ಕಕ್ಕಸು, ಒಲೆ. ನಾಲ್ಕೂ ಇದ್ದರೆ ಮನೆ, ಒಂದು ಇಲ್ಲದಿದ್ದರೂ ಅಲ್ಲ. ಗಾರೆಯವರು ಅವನನ್ನು ದೂರದಿಂದ ಕಂಡರೆ ಸಾಕು, “ಬಂದ್ರಪ್ಪಾ ಒಲೆ ಇನ್‌ಸ್ಪೆಕ್ಟರು! ಇಲ್ಲಿ ಟೀ ಕಾಯ್ತಾ ಇದೆ, ಇದನ್ನೂ ಒಂದು ಮನೆ ಅಂತ ಬರ್ಕೊಳಿ” ಎಂದು ಕಿಚಾಯಿಸುತ್ತಿದ್ದರು. ಅವನೂ ನಗುತ್ತಿದ್ದ. ನಕ್ಕು, ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡದೆ ಬರುತ್ತಿರಲಿಲ್ಲ. ಒಮ್ಮೆ ಬಾಗಿಲು ಕೂರಿಸಿಲ್ಲವೆಂದು ಹನ್ನೊಂದು ಮನೆಗಳನ್ನು ಒಂದೇ ಗೀಟಿನಲ್ಲಿ ಹೊಡೆದುಹಾಕಿದ್ದ.

ಅವನ ಸ್ವಂತ ಮನೆ ಚಿಕ್ಕದು. ಹೆಂಡತಿ ಈನಿಡ್ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ನಾಲ್ಕು ವರ್ಷದ ಹಿಂದೆ ಮಗಳು ವೆರಿಟಿ, ಬಾಡಿಗೆ ಮನೆಯ ಒಡೆಯ ಮನೆ ಮಾರಿದನೆಂದು, ಗಂಡ ಮತ್ತು ಕೈಗೂಸಿನ ಜೊತೆ ಬಂದು ಸೇರಿಕೊಂಡಳು. ಕೌನ್ಸಿಲ್ ಕಡಿಮೆ ಬಾಡಿಗೆಗೆ ಕೊಡುವ ಮನೆಗೆ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ ಕಾದಳು. ಇಕ್ಕಟ್ಟು ತಾಳಲಾರದೆ ಕ್ಲಿಫರ್ಡ್ ಅಂಗಳದಾಚೆಯ ಕಾರಿನ ಶೆಡ್ಡನ್ನೇ ಅವರಿಗೆ ವಾಸಕ್ಕೆ ಸರಿಮಾಡಿಕೊಟ್ಟ. ತನ್ನ ಕಚೇರಿಗೆ ತಾನೇ ಅರ್ಜಿ ಹಾಕಿ, ಎಲ್ಲರಂತೆ ಎಂಟು ವಾರ ಕಾದು ಅನುಮತಿ ಪಡೆದ. ಎಂಟು ಅಡಿ ಅಗಲ, ಹದಿನಾರು ಅಡಿ ಉದ್ದ. ಒಂದು ಬಾಗಿಲು, ಒಂದು ನಲ್ಲಿ, ಪರದೆಯ ಹಿಂದೆ ಕಕ್ಕಸು.

“ಅಪ್ಪ, ಒಂದು ಸಣ್ಣ ಒಲೆ ಹಾಕ್ಕೊಡು,” ಎಂದಳು ವೆರಿಟಿ ಈ ಚಳಿಗಾಲದಲ್ಲಿ. “ಮಗೂಗೆ ಹಾಲು ಬಿಸಿ ಮಾಡೋಕೆ ಹಿಮದಲ್ಲಿ ಅಂಗಳ ದಾಟಿ ದಾಟಿ ಸಾಕಾಗಿದೆ ನಂಗೆ.”

ಫೆಬ್ರವರಿಯಲ್ಲಿ ಒಂದು ಕರೆಂಟ್ ಒಲೆ ತಂದು ತಾನೇ ಕೂರಿಸಿದ.

ಹಿಂದಿನ ಎರಡು ವರ್ಷ ಊರು ಗುರಿ ಮುಟ್ಟಿರಲಿಲ್ಲ. ಮೂರನೆಯ ವರ್ಷವೂ ತಪ್ಪಿದರೆ ಮಿಲ್ ಲೇನಿನ ಬೀಟ್ ಗಡ್ಡೆಯ ಹೊಲವನ್ನು ಮನೆ ಕಟ್ಟಲು ಬಿಟ್ಟುಕೊಡಲೇಬೇಕೆಂದು ಮೇಲಿನವರ ಅಪ್ಪಣೆ. ಅಲ್ಲಿ ಏಳುವ ಅರವತ್ತು ಮನೆಗಳಲ್ಲಿ ಹದಿನಾಲ್ಕು ಕೌನ್ಸಿಲ್ ಬಾಡಿಗೆಯವು. ಪಟ್ಟಿಯಲ್ಲಿ ವೆರಿಟಿ ಒಂಬತ್ತನೆಯವಳು. ಗುರಿ ಮುಟ್ಟಿದರೆ ಹೊಲ ಹೊಲವಾಗಿಯೇ ಉಳಿಯುತ್ತದೆ.

ಆ ಏಪ್ರಿಲ್‌ನಲ್ಲಿ ಲೆಕ್ಕ ಐನೂರ ಹತ್ತೊಂಬತ್ತಕ್ಕೆ ನಿಂತಿತು.

“ಒಂದೇ ಒಂದು!” ಎಂದರು ಮೇಲಧಿಕಾರಿ ಶ್ರೀಮತಿ ಪಾರ್ಜೆಟರ್. “ಇನ್ನೊಂದ್ಸಲ ನೋಡಿ ಕ್ಲಿಫರ್ಡ್. ಏನಾದ್ರೂ ಬಿಟ್ಟುಹೋಗಿರಬೇಕು.”

ಬಿಟ್ಟುಹೋಗಿದ್ದು ಯಾವುದೆಂದು ಅವನಿಗೆ ಗೊತ್ತಿತ್ತು. ಅನುಮತಿ ಪಡೆದವರ ಪಟ್ಟಿಯಲ್ಲಿ ಗುರುತು ಬೀಳದೆ ಉಳಿದದ್ದು ಅವನದೇ ವಿಳಾಸ. ಆ ಸಂಜೆ ಶೆಡ್ಡಿಗೆ ಹೋಗಿ ಮಗಳಿಗೆ ಎಲ್ಲವನ್ನೂ ಹೇಳಿದ.

ವೆರಿಟಿ ಕ್ಷಣವೂ ಯೋಚಿಸಲಿಲ್ಲ. “ಬಿಚ್ಚಿಹಾಕು ಒಲೆನ. ಇನ್ನೂ ಐದು ವರ್ಷ ಬೇಕಾದ್ರೆ ಅಂಗಳ ದಾಟ್ತೀನಿ.”

ಅವನು ಸ್ಕ್ರೂಡ್ರೈವರ್ ತಂದು ಮಂಡಿಯೂರಿದ. ಎರಡು ಸ್ಕ್ರೂ ಬಿಚ್ಚಿದ. ಮೂರನೆಯದಕ್ಕೆ ಕೈ ಏಳಲಿಲ್ಲ.

“ಮಾರ್ಚ್ ಮೂವತ್ತೊಂದಕ್ಕೆ ಇದು ಇಲ್ಲಿತ್ತು, ವೆರಿಟಿ.”

“ಯಾರಪ್ಪ ಬಂದು ನೋಡಿದ್ರು?”

“ನಾನು ನೋಡಿದೀನಲ್ಲ. ಬಾಗಿಲಿಲ್ಲ ಅಂತ ಹನ್ನೊಂದು ಜನರ ಮನೆ ಹೊಡೆದುಹಾಕ್ದೋನು ನಾನು.”

“ಅವು ಯಾರದೋ ಮನೆ. ಇದು ನನ್ನ ಬಾಳು!”

ಅವನು ಬಿಚ್ಚಿದ ಎರಡು ಸ್ಕ್ರೂಗಳನ್ನು ಮತ್ತೆ ತಿರುಗಿಸಿ ಬಿಗಿ ಮಾಡಿ ಎದ್ದ. ನಾನಾಗಿದ್ದರೆ ಒಲೆಯನ್ನು ಕಿತ್ತು ಕೆರೆಗೆ ಎಸೆದು ಬರುತ್ತಿದ್ದೆ, ಯಾವ ಮುಲಾಜೂ ಇಲ್ಲದೆ. ಅವನ ಕೈಲಿ ಅದು ಆಗಲಿಲ್ಲ. ಮರುದಿನ ಹಸಿರು ಪೆನ್ನಿನಿಂದ ತನ್ನ ವಿಳಾಸದ ಮುಂದೆ ಗುರುತು ಹಾಕಿದ.

ಕಚೇರಿಯಲ್ಲಿ ಕೇಕ್ ಕತ್ತರಿಸಿದರು. ಅದರ ಮೇಲೆ ಸಕ್ಕರೆಯಲ್ಲಿ 520 ಎಂದು ಬರೆದಿತ್ತು. ಕ್ಲಿಫರ್ಡನ ಕೈಗೂ ಒಂದು ತುಂಡು ಕೊಟ್ಟರು. ಅವನು ಅದನ್ನು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡ. ಮಿಲ್ ಲೇನಿನ ಹೊಲದಲ್ಲಿ ಆ ವಾರವೇ ಬೀಟ್ ಬಿತ್ತಿದರು.

ಮೂರು ವಾರದ ಮೇಲೆ ವೆರಿಟಿಗೆ ಕೌನ್ಸಿಲ್‌ನಿಂದ ಒಂದು ಕಾಗದ ಬಂತು. ಹೀಗೂ ಆಗಬಹುದೆಂದು ಕ್ಲಿಫರ್ಡನಿಗೆ ಹೊಳೆದೇ ಇರಲಿಲ್ಲ. ಅವಳು ಅದನ್ನು ಹಿಡಿದು ಅಂಗಳ ದಾಟಿ ಬಂದು ಅಪ್ಪನ ಮುಂದೆ ನಿಂತು ಗಟ್ಟಿಯಾಗಿ ಓದಿದಳು: “‘ತಮಗೆ ಪ್ರತ್ಯೇಕ ಬಾಗಿಲು, ನೀರು, ಕಕ್ಕಸು ಹಾಗೂ ಒಲೆ ಇರುವ ವಾಸದ ಮನೆ ಇರುವುದರಿಂದ ತಮ್ಮ ಹೆಸರನ್ನು ಕಾಯುವವರ ಪಟ್ಟಿಯಿಂದ ತೆಗೆಯಲಾಗಿದೆ.’ ನೀನೇ ಬರೆದ ಮಾತು ಅಲ್ವಾ ಅಪ್ಪ ಇದು?”

“ಹೌದು,” ಎಂದ. “ನಮ್ಮ ಫಾರಮ್ಮಲ್ಲಿ ಕೊನೆಗೆ ಷರಾ ಅಂತ ಒಂದು ಜಾಗ ಇದೆ. ಇಷ್ಟು ವರ್ಷ ಅಲ್ಲಿ ನಾನು ಒಂದಕ್ಷರ ಬರೆದೋನಲ್ಲ. ಈ ಸಲ ಬರ್ದೆ.”

“ಏನಂತ?”

“‘ಇದು ಕಾರಿನ ಶೆಡ್ಡು. ಇಲ್ಲಿ ನನ್ನ ಮಗಳು ಇದ್ದಾಳೆ. ಅವಳಿಗೆ ಮನೆ ಬೇಕು’ ಅಂತ.”

ವೆರಿಟಿ ಕಾಗದವನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಅವಳ ಸಿಟ್ಟು ಎಲ್ಲಿ ಹೋಯಿತೋ, ದನಿ ತೀರ ಸಣ್ಣದಾಗಿತ್ತು. “ಮೇಲಿನವರು ಓದಿದ್ರಾ ಅದನ್ನ?”

“ಇಲ್ಲ ಮಗಳೇ,” ಎಂದ ಕ್ಲಿಫರ್ಡ್. “ಮೇಲಕ್ಕೆ ಹೋಗೋದು ಅಂಕಿ ಒಂದೇ. ಷರಾ ಇಲ್ಲೇ ಉಳಿಯುತ್ತೆ.”