ಬಸವಲಿಂಗಮ್ಮನ ಮೂಗು

ಚಳ್ಳಕೆರೆಯ ಹಳೇ ಪೇಟೆಯಲ್ಲಿ ಬಸವಲಿಂಗಮ್ಮನ ಖಾನಾವಳಿ ಇತ್ತು. ಬೋರ್ಡು ಗೀರ್ಡು ಏನೂ ಇರಲಿಲ್ಲ. ಬಾಗಿಲು ತೆರೆದಿದ್ದರೆ ಊಟ ಉಂಟು, ಮುಚ್ಚಿದ್ದರೆ ಇಲ್ಲ. ನಡುಮನೆಯಲ್ಲಿ ಎರಡು ಸಾಲು ಮಣೆ, ಮುತ್ತುಗದ ಎಲೆ, ಮುದ್ದೆ, ನವಣೆ ಅನ್ನ, ಹುರುಳಿ ಸಾರು, ಹುಚ್ಚೆಳ್ಳು ಚಟ್ನಿ, ಕೊನೆಗೆ ನೀರು ಮಜ್ಜಿಗೆ. ಉಣ್ಣುವವರೆಲ್ಲ ಲಿಂಗವಂತರೇ: ಕಂಬಳಿ ವ್ಯಾಪಾರದ ಮುರುಗೇಂದ್ರಪ್ಪ, ಎಣ್ಣೆ ಗಾಣದ ಜಯದೇವಪ್ಪ, ಸಂತೆಗೆ ಬಂದ ನಾಲ್ಕಾರು ಜನ, ಮತ್ತೆ ನಾನು. ಆಗ ನಾನು ಊರಿನ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು. ಮದುವೆಯಾಗಿರಲಿಲ್ಲ. ಎರಡು ಹೊತ್ತೂ ಅಲ್ಲೇ ಊಟ.

ಇದನ್ನು ಹೇಳಿದರೆ ನನ್ನ ಮಾನ ಹೋಗುತ್ತದೆ. ಹೋಗಲಿ, ಇಟ್ಟುಕೊಂಡು ಏನು ಮಾಡಬೇಕಾಗಿದೆ?

ಬಸವಲಿಂಗಮ್ಮ ಮೊಳಕಾಲ್ಮೂರಿನವಳು. ಗಂಡ ಸತ್ತ ಮೇಲೆ ತವರಿಗೆ ಹೋದರೆ ಅಣ್ಣಂದಿರು ಮೂರು ತಿಂಗಳೂ ಇಟ್ಟುಕೊಳ್ಳಲಿಲ್ಲ. ಒಂದು ಕೊಪ್ಪರಿಗೆ ಹೊತ್ತು ಇಲ್ಲಿಗೆ ಬಂದು ಒಲೆ ಹೂಡಿದಳು. ಆ ಒಲೆ ಉರಿದರೆ ಆಕೆಗೂ ಊಟ, ಇಲ್ಲದಿದ್ದರೆ ಇಲ್ಲ. ಬಾಯಿ ಮಾತ್ರ ಜೋರು. ಯಾರಾದರೂ ಎಲೆಯಲ್ಲಿ ಅಗಳು ಬಿಟ್ಟರೆ, "ಏನ್ರಿ ಸಾವ್ಕಾರ್ರೇ, ಮನೇಲಿ ಹೆಂಡ್ತಿ ಬೈದು ಕಳ್ಸವ್ಳೇನು?" ಎಂದು ರೇಗಿಸುತ್ತಿದ್ದಳು.

ಮೊದಲ ತುತ್ತನ್ನು ಲಿಂಗಕ್ಕೆ ತೋರಿಸಿ ಉಣ್ಣುವವರು ನಾವು. ಅಡುಗೆ ಮಾಡಿದವಳು ಬಡಿಸುವ ಮೊದಲು ರುಚಿ ನೋಡುವ ಹಾಗಿಲ್ಲ, ನೋಡಿದರೆ ಎಂಜಲು. ಬಸವಲಿಂಗಮ್ಮನಿಗೆ ನೋಡುವ ಅಗತ್ಯವೂ ಇರಲಿಲ್ಲ. ಕುದಿಯುವ ಸಾರಿನ ಮುಚ್ಚಳ ತೆಗೆದು ಹಬೆಗೆ ಮೂಗೊಡ್ಡಿ, ಇನ್ನೊಂದು ಚಿಟಿಕೆ ಉಪ್ಪು ಬೇಕೆಂದು ಹಾಕುತ್ತಿದ್ದಳು. ಅದು ಸರಿಯಾಗಿಯೇ ಇರುತ್ತಿತ್ತು. ಉಪ್ಪಿಗೆ ವಾಸನೆ ಇಲ್ಲವೆಂದು ಓದಿದವರು ಹೇಳುತ್ತಾರೆ. ಅವರು ಅಲ್ಲಿ ಉಂಡಿಲ್ಲ.

ಸಾವಿರದ ಒಂಬೈನೂರ ಹದಿನೆಂಟನೇ ಇಸವಿಯ ಮಹಾನವಮಿ ಕಳೆಯುವ ಹೊತ್ತಿಗೆ, ಊರೂರನ್ನೇ ಗುಡಿಸಿಹಾಕಿದ ಆ ಇನ್‌ಫ್ಲುಯೆಂಜಾ ಜ್ವರ ಬಂತು. ನಮ್ಮ ಬೀದಿಯೊಂದರಲ್ಲೇ ಹನ್ನೊಂದು ಹೆಣ. ಗುಂಡಿ ತೋಡುವವರು ಸಿಗದೆ ಮನೆಯವರೇ ಗುದ್ದಲಿ ಹಿಡಿದರು. ಬಸವಲಿಂಗಮ್ಮನೂ ಮಲಗಿದಳು, ಎಂಟು ದಿನಕ್ಕೆ ಎದ್ದಳು. ನಮಗೆಲ್ಲ ಸಂತೋಷವಾಯಿತು. ಆದರೆ ಎದ್ದ ದಿನದಿಂದ ಸಾರು ಕೆಟ್ಟಿತು. ಒಂದು ದಿನ ಉಪ್ಪೇ ಉಪ್ಪು, ಮರುದಿನ ಸಪ್ಪೆ. ಚಟ್ನಿಗೆ ಕಮಟು ಎಣ್ಣೆ ಬಿದ್ದದ್ದೂ ಆಕೆಗೆ ಗೊತ್ತಾಗಲಿಲ್ಲ. ಮುರುಗೇಂದ್ರಪ್ಪ ಗೊಣಗಿದ. ಸಂತೆಮಾಳದ ಹತ್ತಿರ ಇನ್ನೊಂದು ಖಾನಾವಳಿ ಆಗಿದೆಯಂತೆ ಎಂದು ಜಯದೇವಪ್ಪ ಕೇಳಿಸುವಂತೆಯೇ ಅಂದ.

ಒಂದು ಸಂಜೆ ನಾನೊಬ್ಬನೇ ಇದ್ದಾಗ ಆಕೆ ಬಾಗಿಲಿಗೆ ಒರಗಿ ನಿಂತಳು.

"ಮೇಷ್ಟ್ರೇ, ಮೂಗು ಸತ್ತೋಗೈತ್ರಿ. ಒಗ್ಗರಣೆ ಸೀದ್ರೂ ತಿಳಿಯಂಗಿಲ್ಲ. ಇವ್ರೆಲ್ಲ ಬಿಟ್ಟೋದ್ರೆ ನಾನೇನ್ ತಿನ್ಲಿ?"

"ನಾಲಗೆ ಸರಿ ಇದೆಯಲ್ಲ ಅಕ್ಕ? ಅಂಗೈಗೆ ಒಂದು ತೊಟ್ಟು ಹಾಕ್ಕೊಂಡು ನೋಡು. ಒಳಗೆ ಯಾರು ಬಂದು ನೋಡ್ತಾರೆ?"

"ಶಿವ ಶಿವ! ಲಿಂಗಕ್ಕೆ ಹಿಡಿಯೋ ಅನ್ನ ಐತ್ರಿ ಅದು."

"ಪಾಪ ಬಂದ್ರೆ ನಂಗಿರಲಿ, ನೋಡು" ಎಂದೆ. ಬಾಯಿಮಾತಿನ ಧಾರಾಳಕ್ಕೆ ಏನು ಖರ್ಚು?

ಮರುದಿನದಿಂದ ಸಾರು ಮೊದಲಿನಂತಾಯಿತು. ಜಯದೇವಪ್ಪ ಎರಡು ಸಲ ಹಾಕಿಸಿಕೊಂಡು, "ಈಗ ಬಂತು ನೋಡವ್ವ ಕೈಗುಣ" ಎಂದ. ಆಕೆ ನನ್ನ ಕಡೆ ನೋಡಿ ನಕ್ಕಳು. ಹತ್ತು ಹನ್ನೆರಡು ದಿನ ಹೀಗೆ ಚೆನ್ನಾಗಿಯೇ ನಡೆಯಿತು.

ಆಮೇಲೊಂದು ಮಧ್ಯಾಹ್ನ ನಾವು ಎಲೆ ಮುಂದೆ ಕೂತಿದ್ದೆವು. ಅನ್ನ ಬಿದ್ದಿತ್ತು, ಸಾರು ಬರಬೇಕಿತ್ತು. ಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದ ಮುರುಗೇಂದ್ರಪ್ಪ ಅಡುಗೆಮನೆಯ ಹಿಂಬಾಗಿಲಲ್ಲೇ ಕೂಗಿಕೊಂಡ.

"ಏನವ್ವಾ ಇದು! ನೀನ್ ನೆಕ್ಕಿದ್ದನ್ನ ನಮ್ ಲಿಂಗಕ್ಕೆ ಹಿಡಿಸ್ತೀಯಾ?"

ಬಸವಲಿಂಗಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ಮೂಗು ಸತ್ತೈತ್ರಣ್ಣಾ. ಅಂಗೈಗೆ ಹಾಕ್ಕಂಡು ನೋಡ್ದೆ. ಸೌಟು ಬಾಯಿಗಿಟ್ಟಿಲ್ಲ, ಆಣೆ."

"ಯಾರು ಹೇಳ್ಕೊಟ್ರು ನಿಂಗೆ ಈ ಬುದ್ಧೀನ?" ಎಂದ ಜಯದೇವಪ್ಪ.

ಆಕೆ ನನ್ನನ್ನು ನೋಡಿದಳು. ನಾನು ಎಲೆ ನೋಡಿದೆ.

"ಯಾರೂ ಇಲ್ರಿ. ನನ್ ಬುದ್ಧೀನೇ."

ಎಲ್ಲರೂ ಎದ್ದರು. ಲಿಂಗವಂತರಿಗೆ ಪಂಚಸೂತಕಗಳಿಲ್ಲ, ಆ ಐದರಲ್ಲಿ ಎಂಜಲೂ ಒಂದು ಎಂದು ಮಠದಲ್ಲಿ ಸ್ವಾಮಿಗಳು ಹೇಳಿದಾಗ ತಲೆದೂಗಿ ಬಂದವರೇ ನಾವೆಲ್ಲ. ಆ ಮಾತು ನನ್ನ ಬಾಯಿಯ ತನಕ ಬಂತು. ಅಲ್ಲೇ ನಿಂತಿತು.

"ಮೇಷ್ಟ್ರೇ, ನೀವಾದ್ರೂ ಕೂತ್ಕಳ್ರಿ" ಎಂದಳು ಆಕೆ, ಮೆಲ್ಲಗೆ.

ನಾನೂ ಎದ್ದೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂದು ಮಕ್ಕಳಿಗೆ ಕಾಪಿ ಬರೆಸುತ್ತಿದ್ದ ಮನುಷ್ಯ ನಾನು.

ಆಮೇಲೆ ಆ ಬಾಗಿಲಿಗೆ ಯಾರೂ ಹೋಗಲಿಲ್ಲ. ಆಕೆ ಮನೆಮನೆಯಲ್ಲಿ ಅಡುಗೆ ಕೆಲಸ ಕೇಳಿದಳು. ಎಂಜಲು ಬಡಿಸಿದವಳೆಂಬ ಮಾತು ಆಕೆಗಿಂತ ಮುಂಚೆಯೇ ಅಲ್ಲಿಗೆ ಹೋಗಿರುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಮನೆಗೆ ಬೀಗ ಬಿತ್ತು.

ಯುಗಾದಿ ಕಳೆದ ಮೇಲೆ ನಾನು ಗಾಡಿಯಲ್ಲಿ ಮೊಳಕಾಲ್ಮೂರಿಗೆ ಹೋಗುತ್ತಿದ್ದೆ. ರಸ್ತೆಗೆ ಜಲ್ಲಿ ಒಡೆಯುವ ಹೆಂಗಸರ ನಡುವೆ ಆಕೆ ಕೂತಿದ್ದಳು. ಕೈತುಂಬ ಚಿಂದಿ ಸುತ್ತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ನನ್ನನ್ನು ಕಂಡು ಎದ್ದು ಓಡಿಬಂದಳು.

"ಮೇಷ್ಟ್ರೇ, ಮೂಗು ಬಂತ್ರಿ! ಮೊನ್ನೆ ಯಾರೋ ಬೆಳ್ಳುಳ್ಳಿ ಹುರೀತಿದ್ರು, ಗಮ್ ಅಂತು. ಇನ್ನ ರುಚಿ ನೋಡೋ ಗರಜೇ ಇಲ್ಲ. ಊರಾಗೆ ಹೇಳ್ರಿ. ನೀವ್ ಹೇಳಿದ್ರೆ ಕೇಳ್ತಾರೆ. ಒಬ್ರು ಬಂದು ಕರೆದ್ರೂ ಸಾಕು, ಬರ್ತೀನಿ."

"ಹೇಳ್ತೀನಿ ಅಕ್ಕ" ಎಂದೆ.

ಹೇಳಲಿಲ್ಲ. ಹೇಳಬೇಕಾದರೆ ಆ ಬುದ್ಧಿ ಕೊಟ್ಟವನು ನಾನೇ ಎಂದು ಮೊದಲು ಹೇಳಬೇಕಿತ್ತು. ಆ ಹೊತ್ತಿಗೆ ನಾನು ಜಯದೇವಪ್ಪನವರ ಮನೆಯಲ್ಲೇ ಉಣ್ಣುತ್ತಿದ್ದೆ. ಅವರ ಮಗಳನ್ನು ನನಗೆ ಕೊಡುವ ಮಾತು ನಡೆದಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವುದರಲ್ಲಿ ಮದುವೆಯೂ ಆಯಿತು.

ಶ್ರಾವಣದಲ್ಲಿ ಮತ್ತೆ ಆ ದಾರಿಯಲ್ಲಿ ಹೋದಾಗ ಆಕೆ ಕಾಣಲಿಲ್ಲ. ಗಾಡಿ ನಿಲ್ಲಿಸಿ, ಜಲ್ಲಿ ಒಡೆಯುತ್ತಿದ್ದ ಕರಿಯಕ್ಕ ಎಂಬುವಳನ್ನು ಕೇಳಿದೆ.

"ಖಾನಾವಳಿ ಅಮ್ಮನಾ? ಹೋದ್ ತಿಂಗ್ಳು ತೀರ್ಕಂಡ್ಲು ಸ್ವಾಮಿ. ಯಾವ ಗಾಡಿ ಬಂದ್ರೂ ಎದ್ದೆದ್ದು ನೋಡೋಳು. ಚಳ್ಳಕೆರೆ ಮೇಷ್ಟ್ರು ಕರ್ಕಂಡ್ ಹೋಗಾಕೆ ಬರ್ತಾರೆ ಅಂತಿದ್ಲು." ಹೆಂಗಸು ಸುತ್ತಿಗೆ ಕೆಳಗಿಟ್ಟು ನನ್ನನ್ನು ದಿಟ್ಟಿಸಿದಳು. "ನೀವ್ ಯಾವೂರ್ನೋರು ಸ್ವಾಮಿ?"

ನಾಯಕನಹಟ್ಟಿ ಎಂದೆ.